ಕೆಟ್ಟ ಸುದ್ದಿ ಬೇಗ ತಲುಪುವ ಟೀಮ್ ಕಟ್ಟುವುದು ಹೇಗೆ?

ಸಂಸ್ಥೆಯ ಲಾಭ ಇಳಿದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಬೆಲೆ, ಮಾರುಕಟ್ಟೆ, ಯಂತ್ರ, ಸಾಫ್ಟ್‌ವೇರ್ ಕಡೆಗೆ. ಒಳಗಿರುವ ಜನ ಒಬ್ಬರ ಜೊತೆ ಒಬ್ಬರು ಹೇಗೆ ಮಾತಾಡುತ್ತಿದ್ದಾರೆ ಎಂದು ನೋಡುವವರು ಕಡಿಮೆ. ಒಡನಾಟದ ಕೌಶಲ ಅಂದ ತಕ್ಷಣ ಅದು ಸ್ವಭಾವದ ವಿಷಯ, ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ ಎಂದು ಕೈಬಿಡುತ್ತೇವೆ.

ನಾನು ಅದನ್ನು ಒಪ್ಪುವುದಿಲ್ಲ. ಕೆಲಸದ ಜಾಗದಲ್ಲಿ ಒಡನಾಟ ಎಷ್ಟು ಚೆನ್ನಾಗಿದೆ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ವಿಷಯ ಗೊತ್ತಿರುವವರಿಂದ ತೀರ್ಮಾನ ಮಾಡಬೇಕಾದವರಿಗೆ ಅದು ಎಷ್ಟು ಬೇಗ, ಎಷ್ಟು ಸರಿಯಾಗಿ ತಲುಪುತ್ತದೆ? ಒಳ್ಳೆಯ ಸುದ್ದಿ ಹೇಗೂ ತಲುಪುತ್ತದೆ. ಕೆಟ್ಟ ಸುದ್ದಿ ತಲುಪುತ್ತದೆಯೇ ಅನ್ನುವುದರ ಮೇಲೆ ಸಂಸ್ಥೆಯ ಹಣ, ಸಮಯ, ಹೆಸರು ಎಲ್ಲವೂ ನಿಂತಿದೆ. ಇದು ಕಲಿಯಬಹುದಾದ ಕೆಲಸ. ದಿನವೂ ಮಾಡುವ ಸಣ್ಣ ಸಣ್ಣ ಅಭ್ಯಾಸಗಳಾಗಿ ಒಡೆದು ಕಲಿಯಬಹುದು.

ಇದರಿಂದ ಉತ್ಪಾದನೆ ಹೆಚ್ಚುತ್ತದೆ ಅನ್ನುವುದಕ್ಕೆ ಪುರಾವೆ ಇದೆಯಾ? ಇದೆ. ಭಾರತದ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಅರ್ಥಶಾಸ್ತ್ರಜ್ಞರು ಒಂದು ದೊಡ್ಡ ಅಧ್ಯಯನ ಮಾಡಿದರು. ಹೊಲಿಗೆ ಕೆಲಸದ ಮಹಿಳೆಯರಲ್ಲಿ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಮಾತಾಡುವುದು, ಸಮಯ ಹೊಂದಿಸಿಕೊಳ್ಳುವುದು, ಸಮಸ್ಯೆ ಬಿಡಿಸುವುದು ಇಂಥ ವಿಷಯಗಳಲ್ಲಿ ತರಬೇತಿ ಕೊಟ್ಟರು. ತರಬೇತಿ ಮುಗಿದ ಮೇಲೆ ಅವರ ಉತ್ಪಾದನೆ ಉಳಿದವರಿಗಿಂತ ಶೇ 13ಕ್ಕೂ ಹೆಚ್ಚಾಗಿತ್ತು. ಸಂಸ್ಥೆ ಹಾಕಿದ ಹಣಕ್ಕಿಂತ ಎಷ್ಟೋ ಪಾಲು ಜಾಸ್ತಿ ವಾಪಸ್ ಬಂತು. ಆದರೆ ಆ ಮಹಿಳೆಯರ ಸಂಬಳ ಏರಿದ್ದು ಶೇ 1ಕ್ಕಿಂತಲೂ ಕಡಿಮೆ. ಇದನ್ನು ಓದಿದಾಗ ನನಗೆ ಬೇಸರವಾಯಿತು. ಒಡನಾಟ ಸುಧಾರಿಸಿ ಲಾಭ ಬಂದರೆ ಅದನ್ನು ತಂದುಕೊಟ್ಟವರಿಗೂ ಪಾಲು ಸಿಗಬೇಕು. ಈ ಕೆಲಸ ಶುರು ಮಾಡುವ ಮಾಲೀಕರು, ಮ್ಯಾನೇಜರ್‌ಗಳು ಅದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳುವುದು ಒಳ್ಳೆಯದು.

ಕೆಳಗಿನ ಹೆಜ್ಜೆಗಳು ಮುಖ್ಯವಾಗಿ ಟೀಮ್ ನಡೆಸುವವರಿಗೆ. ಐದು ಜನರ ಟೀಮ್ ಆದರೂ ಸರಿ, ಐನೂರು ಜನರ ಸಂಸ್ಥೆ ಆದರೂ ಸರಿ. ಟೀಮ್‌ನಲ್ಲಿ ಕೆಲಸ ಮಾಡುವವರೂ ಇದರಲ್ಲಿ ಅರ್ಧದಷ್ಟನ್ನು ಯಾರ ಅನುಮತಿಯೂ ಇಲ್ಲದೆ ಶುರು ಮಾಡಬಹುದು.

ಹೆಜ್ಜೆ 1: ಸುದ್ದಿ ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದು ಹುಡುಕಿ

ತರಬೇತಿ, ಶಿಬಿರ ಏನನ್ನೂ ಈಗಲೇ ಏರ್ಪಡಿಸಬೇಡಿ. ಕಳೆದ ಮೂರು ತಿಂಗಳಲ್ಲಿ ಕೆಟ್ಟುಹೋದ ಕೆಲಸಗಳ ಒಂದು ಪಟ್ಟಿ ಮಾಡಿ. ತಡವಾದ ಆರ್ಡರ್, ಎರಡು ಸಲ ಮಾಡಬೇಕಾಗಿ ಬಂದ ಕೆಲಸ, ಕೈತಪ್ಪಿದ ಗ್ರಾಹಕ, ಇದ್ದಕ್ಕಿದ್ದಂತೆ ರಾಜೀನಾಮೆ ಕೊಟ್ಟ ಒಳ್ಳೆಯ ಕೆಲಸಗಾರ. ಪ್ರತಿಯೊಂದರ ಎದುರು ಎರಡು ದಿನಾಂಕ ಬರೆಯಿರಿ. ಇಲ್ಲೇನೋ ಸರಿಯಿಲ್ಲ ಎಂದು ಯಾರಿಗಾದರೂ ಮೊದಲು ಗೊತ್ತಾದ ದಿನ. ಅದನ್ನು ಸರಿಪಡಿಸಬಲ್ಲವರ ಕಿವಿಗೆ ಬಿದ್ದ ದಿನ. ಇವೆರಡರ ನಡುವಿನ ಅಂತರವೇ ನಿಮಗೆ ಬೇಕಾದ ಲೆಕ್ಕ.

ಈ ದಿನಾಂಕ ಕೇಳುವಾಗ ವಿಚಾರಣೆ ನಡೆಸುವ ಧಾಟಿ ಬೇಡ. 'ಯಾಕೆ ಹೇಳಲಿಲ್ಲ?' ಎಂದು ಕೇಳಿದರೆ ಸಮಜಾಯಿಷಿ ಸಿಗುತ್ತದೆ. 'ಆಗ ನಮಗೆ ಹೇಳುವುದು ಸುಲಭ ಆಗಬೇಕಾಗಿದ್ದರೆ ಏನಿರಬೇಕಿತ್ತು?' ಎಂದು ಕೇಳಿದರೆ ನಿಜ ಸಿಗುತ್ತದೆ.

ಉತ್ತರಗಳು ಹೆಚ್ಚುಕಡಿಮೆ ನಾಲ್ಕು ಗುಂಪಿಗೆ ಬರುತ್ತವೆ. ಹೇಳಲು ಹೆದರಿಕೆಯಾಯಿತು. ಬೇರೆ ಯಾರೋ ಹೇಳಿರುತ್ತಾರೆ ಅಂದುಕೊಂಡೆ. ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೇಳಿದ್ದೇ ಒಂದು, ಅವರು ಅರ್ಥ ಮಾಡಿಕೊಂಡಿದ್ದೇ ಇನ್ನೊಂದು. ನಿಮ್ಮಲ್ಲಿ ಯಾವುದು ಜಾಸ್ತಿ ಎಂದು ನೋಡಿ, ಮುಂದಿನ ಹೆಜ್ಜೆಗಳಲ್ಲಿ ಅದಕ್ಕೆ ಹೊಂದುವುದನ್ನು ಮೊದಲು ಹಿಡಿಯಿರಿ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ಯಾವುದೂ ನಿಲ್ಲುವುದಿಲ್ಲ.

ಹೆಜ್ಜೆ 2: ಕೆಟ್ಟ ಸುದ್ದಿ ತಂದವರ ಜೊತೆ ಮೊದಲ ನಿಮಿಷ ಹೇಗಿರಬೇಕು

ಬೇರೆಲ್ಲ ಬಿಟ್ಟರೂ ಈ ಹೆಜ್ಜೆಯನ್ನು ಬಿಡಬೇಡಿ.

1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಇಳಿಯಬೇಕಿದ್ದ ಯುನೈಟೆಡ್ ಏರ್‌ಲೈನ್ಸ್‌ನ 173ನೇ ವಿಮಾನದ ಚಕ್ರಗಳಲ್ಲಿ ಏನೋ ತೊಂದರೆ ಕಾಣಿಸಿತು. ಕ್ಯಾಪ್ಟನ್ ವಿಮಾನವನ್ನು ಆಕಾಶದಲ್ಲೇ ಸುತ್ತು ಹಾಕಿಸುತ್ತಾ ಸುಮಾರು ಒಂದು ಗಂಟೆ ಅದರ ತಪಾಸಣೆಯಲ್ಲೇ ಮುಳುಗಿದರು. ಇಂಧನ ಮುಗಿಯುತ್ತಿರುವುದು ಪಕ್ಕದಲ್ಲಿದ್ದ ಸಹೋದ್ಯೋಗಿಗಳಿಗೆ ಗೊತ್ತಿತ್ತು. ಅವರು ಅದರ ಬಗ್ಗೆ ಮಾತೂ ಆಡಿದರು. ಆದರೆ 'ಈಗಲೇ ಇಳಿಯಲೇಬೇಕು' ಎಂದು ಗಟ್ಟಿಯಾಗಿ ಹೇಳಲಿಲ್ಲ. ಎಂಜಿನ್‌ಗಳು ಒಂದೊಂದಾಗಿ ನಿಂತು ವಿಮಾನ ನಿಲ್ದಾಣಕ್ಕೆ ಮುಂಚೆಯೇ ನೆಲಕ್ಕೆ ಬಿತ್ತು. ವಿಮಾನದಲ್ಲಿದ್ದ 189 ಜನರಲ್ಲಿ 10 ಮಂದಿ ಸತ್ತರು. ಮಾಹಿತಿ ಕಾಕ್‌ಪಿಟ್‌ನ ಒಳಗೇ ಇತ್ತು. ಒಂದು ಸೀಟಿನಿಂದ ಇನ್ನೊಂದು ಸೀಟಿಗೆ ಅದರ ತೂಕ ತಲುಪಲಿಲ್ಲ, ಅಷ್ಟೇ. 1981ರಲ್ಲಿ ಅದೇ ಸಂಸ್ಥೆ ವಿಮಾನ ಸಿಬ್ಬಂದಿಗೆ ಒಟ್ಟಾಗಿ ಮಾತಾಡುವ, ಕೇಳಿಸಿಕೊಳ್ಳುವ ತರಬೇತಿ ಶುರು ಮಾಡಿತು. ಈಗ ಅಂಥ ತರಬೇತಿ ಜಗತ್ತಿನ ಎಲ್ಲ ಕಡೆ ಪೈಲಟ್‌ಗಳ ಕಲಿಕೆಯ ಭಾಗ.

ಆಸ್ಪತ್ರೆಗಳಲ್ಲೂ ಇದೇ ಕಂಡಿದೆ. ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡುತ್ತಿದ್ದರು. ಒಳ್ಳೆಯ ನರ್ಸಿಂಗ್ ಟೀಮ್‌ಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದು ಅವರು ಅಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ಟೀಮ್‌ಗಳಲ್ಲೇ ದಾಖಲಾದ ತಪ್ಪುಗಳು ಜಾಸ್ತಿ! ಕಾರಣ, ಅಲ್ಲಿ ತಪ್ಪಾದರೆ ಬಾಯಿಬಿಟ್ಟು ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. ಹಾಗಾಗಿ ನಿಮ್ಮ ವಿಭಾಗದಿಂದ ದೂರುಗಳೇ ಬರುತ್ತಿಲ್ಲ ಅಂದರೆ ಖುಷಿಪಡುವ ಮುಂಚೆ ಸ್ವಲ್ಪ ಯೋಚಿಸಿ. 2012ರಲ್ಲಿ ಗೂಗಲ್ ತನ್ನದೇ 180 ಟೀಮ್‌ಗಳನ್ನು ಪರಿಶೀಲಿಸಲು ಶುರು ಮಾಡಿದಾಗಲೂ ಸಿಕ್ಕ ಉತ್ತರ ಇದೇ ದಾರಿಯದು. ಯಾರು ಯಾರು ಟೀಮ್‌ನಲ್ಲಿದ್ದಾರೆ ಅನ್ನುವುದಕ್ಕಿಂತ, ಇಲ್ಲಿ ಬಾಯಿಬಿಟ್ಟರೆ ಅವಮಾನವಾಗುವುದಿಲ್ಲ ಎಂಬ ಭರವಸೆ ಮುಖ್ಯವಾಗಿತ್ತು.

ಇದನ್ನು ನಿಮ್ಮ ಕೈಲಿ ಮಾಡುವುದು ಹೇಗೆ? ಯಾರಾದರೂ ಬಂದು 'ಸರ್, ಒಂದು ತಪ್ಪಾಗಿದೆ' ಅಂದಾಗ ಈ ಕ್ರಮ ಹಿಡಿಯಿರಿ.

ಮೊದಲು ಕೈಲಿರುವ ಕೆಲಸ ಬಿಟ್ಟು ಅವರ ಕಡೆ ತಿರುಗಿ. ಪರದೆ ನೋಡುತ್ತಾ 'ಹ್ಞೂಂ, ಹೇಳಿ' ಅನ್ನಬೇಡಿ. ಆಮೇಲೆ 'ಬಂದು ಹೇಳಿದ್ದು ಒಳ್ಳೆಯದಾಯಿತು' ಅನ್ನಿ. ತಪ್ಪಿನ ಬಗ್ಗೆ ಒಂದು ಮಾತಾಡುವ ಮುಂಚೆಯೇ ಇದನ್ನು ಹೇಳಬೇಕು. ಮೂರನೆಯದಾಗಿ ಈಗಿನ ಸ್ಥಿತಿ ಕೇಳಿ: ಏನಾಗಿದೆ, ಯಾರಿಗೆ ತೊಂದರೆಯಾಗುತ್ತಿದೆ, ನನ್ನಿಂದ ಈಗ ಏನಾಗಬೇಕು? 'ಯಾರು ಮಾಡಿದ್ದು?' ಅನ್ನುವ ಪ್ರಶ್ನೆ ಆ ಹೊತ್ತಿಗೆ ಬೇಡವೇ ಬೇಡ. ಬೆಂಕಿ ಆರಿದ ಮೇಲೆ ಕಾರಣ ಹುಡುಕಲು ಬೇಕಾದಷ್ಟು ಸಮಯ ಇರುತ್ತದೆ. ಕೊನೆಯದಾಗಿ, ಏನು ಮಾಡಿದಿರಿ ಎಂದು ಅವರಿಗೆ ತಿಳಿಸಿ. ಎಷ್ಟೋ ಜನ ಇದನ್ನು ಮರೆಯುತ್ತಾರೆ. ಹೇಳಿದ್ದು ಎಲ್ಲಿಗೆ ಹೋಯಿತು ಎಂದು ಗೊತ್ತಾಗದಿದ್ದರೆ ಮುಂದಿನ ಸಲ ಅವರು ಹೇಳುವುದಿಲ್ಲ.

ಟೊಯೋಟಾ ಕಾರ್ಖಾನೆಗಳಲ್ಲಿ ಇದನ್ನೇ ಒಂದು ಹಗ್ಗಕ್ಕೆ ಕಟ್ಟಿದ್ದರು. ಲೈನ್‌ನಲ್ಲಿ ಕೆಲಸ ಮಾಡುವ ಯಾರಿಗೇ ಆಗಲಿ ದೋಷ ಕಂಡರೆ ತಲೆಯ ಮೇಲಿನ ಹಗ್ಗ ಎಳೆಯಬಹುದು. ಎಳೆದ ಕೂಡಲೇ ಟೀಮ್ ಲೀಡರ್ ಅಲ್ಲಿಗೆ ಬಂದು ಸಹಾಯ ಮಾಡಬೇಕು. ನಿಗದಿತ ಹೊತ್ತಿನೊಳಗೆ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಹಗ್ಗ ಕಟ್ಟುವುದು ಸುಲಭ. ಪ್ರತಿ ಸಲ ಎಳೆದಾಗಲೂ ಬೈಯದೆ, ಸಹಾಯಕ್ಕೆ ಬರುವ ಲೀಡರ್ ಇರುವುದರಿಂದಲೇ ಅದು ಕೆಲಸ ಮಾಡುತ್ತದೆ.

ಈಗ ಹೇಳುವವರ ಕಡೆಯಿಂದ ನೋಡೋಣ. ಮೇಲಿನವರಿಗೆ ಎಚ್ಚರಿಕೆ ಕೊಡುವಾಗ ನಾವು ಮಾತನ್ನು ತುಂಬಾ ಮೆತ್ತಗೆ ಮಾಡುತ್ತೇವೆ. 'ಸ್ವಲ್ಪ ಟೈಟ್ ಆಗಬಹುದೇನೋ ಸರ್' ಅಂದರೆ ಕೇಳುವವರಿಗೆ ಏನೂ ಅರ್ಥವಾಗುವುದಿಲ್ಲ. ವಿಮಾನಯಾನದಲ್ಲಿ ಕಲಿಸುವ ಕ್ರಮ ಹೀಗಿದೆ: ಹೆಸರು ಅಥವಾ ಹುದ್ದೆ ಹಿಡಿದು ಕರೆಯಿರಿ, ನಿಮ್ಮ ಆತಂಕ ಹೇಳಿ, ಕಂಡ ಸಂಗತಿ ಹೇಳಿ, ಪರಿಹಾರ ಹೇಳಿ, ಒಪ್ಪಿಗೆ ಕೇಳಿ. ಅದನ್ನು ಕಚೇರಿಗೆ ತಂದರೆ ಹೀಗಾಗುತ್ತದೆ: 'ಮೇಡಂ, ಶುಕ್ರವಾರದ ಡೆಲಿವರಿ ಬಗ್ಗೆ ನನಗೆ ಚಿಂತೆಯಾಗಿದೆ. ಮೂರು ಟೆಸ್ಟ್ ಇನ್ನೂ ಫೇಲ್ ಆಗುತ್ತಿವೆ. ಗ್ರಾಹಕರಿಗೆ ಇವತ್ತೇ ತಿಳಿಸಿ ಸೋಮವಾರಕ್ಕೆ ಮುಂದೂಡೋಣ. ನೀವೇನಂತೀರಿ?' ಇದರಲ್ಲಿ ಮರ್ಯಾದೆಗೆ ಕುಂದಿಲ್ಲ, ಅಸ್ಪಷ್ಟವೂ ಏನಿಲ್ಲ.

ಹೆಜ್ಜೆ 3: ಮೀಟಿಂಗ್‌ನಲ್ಲಿ ಮಾತು ಹಂಚಿ

ಹತ್ತು ಜನ ಕೂತಿರುತ್ತಾರೆ, ಇಬ್ಬರು ಮಾತಾಡುತ್ತಾರೆ. ಉಳಿದ ಎಂಟು ಜನರ ತಲೆಗೆ ಸಂಸ್ಥೆ ಸಂಬಳ ಕೊಡುತ್ತಿದೆ, ಆದರೆ ಬಳಸುತ್ತಿಲ್ಲ.

2010ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅನಿತಾ ವುಲ್ಲಿ ಮತ್ತು ಜೊತೆಗಾರರ ಒಂದು ಅಧ್ಯಯನ ಬಂತು. 699 ಜನರನ್ನು 2ರಿಂದ 5 ಜನರ ಗುಂಪು ಮಾಡಿ ಬೇರೆ ಬೇರೆ ಕೆಲಸ ಕೊಟ್ಟರು. ಯಾವ ಗುಂಪು ಚೆನ್ನಾಗಿ ಮಾಡಿತು? ಅತಿ ಬುದ್ಧಿವಂತರಿದ್ದ ಗುಂಪೇ ಗೆಲ್ಲುತ್ತದೆ ಎಂದು ಹೇಳುವ ಹಾಗಿರಲಿಲ್ಲ. ಎದುರಿನವರ ಮನಸ್ಸನ್ನು ಮುಖದಲ್ಲಿ ಓದಬಲ್ಲವರಿದ್ದ, ಎಲ್ಲರೂ ಹೆಚ್ಚುಕಡಿಮೆ ಸಮನಾಗಿ ಮಾತಾಡಿದ ಗುಂಪುಗಳು ಮುಂದಿದ್ದವು. ಒಬ್ಬಿಬ್ಬರೇ ಮಾತನ್ನು ಹಿಡಿದಿಟ್ಟುಕೊಂಡ ಗುಂಪುಗಳು ಹಿಂದೆ ಬಿದ್ದವು.

ಮುಂದಿನ ಮೀಟಿಂಗ್‌ನಲ್ಲೇ ಮೂರು ಬದಲಾವಣೆ ಮಾಡಿ ನೋಡಿ. ಎಲ್ಲರಿಗಿಂತ ದೊಡ್ಡ ಹುದ್ದೆಯವರು ಕೊನೆಗೆ ಮಾತಾಡಲಿ. ಅವರು ಮೊದಲು ಬಾಯಿ ತೆರೆದರೆ ಉಳಿದವರೆಲ್ಲ ಅದಕ್ಕೆ ತಾಳ ಹಾಕುವುದೇ ಜಾಸ್ತಿ. ಚರ್ಚೆ ಶುರುವಾಗುವ ಮುಂಚೆ ಎರಡು ನಿಮಿಷ ಎಲ್ಲರೂ ಸುಮ್ಮನೆ ಕೂತು ತಮ್ಮ ಅಭಿಪ್ರಾಯ ಬರೆದುಕೊಳ್ಳಲಿ. ನಾಚಿಕೆ ಸ್ವಭಾವದವರಿಗೆ ಇದರಿಂದ ದೊಡ್ಡ ಅನುಕೂಲ, ಬರೆದದ್ದನ್ನು ಓದಿದರೆ ಸಾಕಲ್ವಾ? ಇನ್ನು, ಮಾತಾಡದವರನ್ನು ಹೆಸರು ಹಿಡಿದು ಕೇಳಿ, ಆದರೆ 'ನಿಮ್ಮ ಅಭಿಪ್ರಾಯ ಏನು?' ಎಂದು ಗಾಳಿಗೆ ಪ್ರಶ್ನೆ ಎಸೆಯಬೇಡಿ. ಅವರ ಕೈಲಿರುವ ಕೆಲಸದ ಬಗ್ಗೆ ಕೇಳಿ: 'ಗೋಡೌನ್ ಕಡೆಯಿಂದ ನೋಡಿದರೆ ಇದರಲ್ಲಿ ಏನು ಕೈಕೊಡಬಹುದು?'

ಒಬ್ಬರನ್ನೊಬ್ಬರು ಪರಿಚಯ ಮಾಡಿಕೊಳ್ಳುವುದು ಕೂಡ ಕೆಲಸದ ಭಾಗವೇ. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸೆ ಸುರಕ್ಷತಾ ಚೆಕ್‌ಲಿಸ್ಟ್‌ನಲ್ಲಿ, ಚಾಕು ಹಿಡಿಯುವ ಮುಂಚೆ ಆಪರೇಷನ್ ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕು ಎಂದಿದೆ. ಆ ಚೆಕ್‌ಲಿಸ್ಟ್ ಬಳಸಿದ 8 ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು ಎಂದು 2009ರಲ್ಲಿ ವರದಿಯಾಯಿತು. ಪಟ್ಟಿಯಲ್ಲಿ ಬೇರೆ ಎಷ್ಟೋ ಅಂಶಗಳಿವೆ, ಎಲ್ಲ ಶ್ರೇಯಸ್ಸು ಹೆಸರು ಹೇಳುವುದಕ್ಕೇ ಸಲ್ಲುವುದಿಲ್ಲ. ಆದರೂ ಮೊದಲೇ ಒಂದು ಮಾತಾಡಿದವರಿಗೆ ಆಮೇಲೆ 'ಒಂದ್ನಿಮಿಷ, ನಿಲ್ಲಿ' ಅನ್ನುವುದು ಸುಲಭ.

ಹೆಜ್ಜೆ 4: ಕೆಲಸ ಕೈ ಬದಲಾಗುವಾಗ ತಿರುಗಿ ಹೇಳಿಸಿ

ಶಿಫ್ಟ್ ಬದಲಾಗುವಾಗ, ಸೇಲ್ಸ್‌ನವರು ಆರ್ಡರನ್ನು ಪ್ರೊಡಕ್ಷನ್‌ಗೆ ಒಪ್ಪಿಸುವಾಗ, ಒಬ್ಬರು ರಜೆ ಹೋಗುವಾಗ ಅರ್ಧ ವಿಷಯ ದಾರಿಯಲ್ಲೇ ಉದುರಿಹೋಗುತ್ತದೆ. ಬೇರೆ ಯಾರೋ ಹೇಳಿರುತ್ತಾರೆ ಅಂದುಕೊಳ್ಳುವ ರೋಗಕ್ಕೂ, ಹೇಳಿದ್ದೇ ಒಂದು ಅರ್ಥವಾದದ್ದೇ ಒಂದು ಅನ್ನುವ ರೋಗಕ್ಕೂ ಮದ್ದು ಇಲ್ಲಿದೆ.

ಅಮೆರಿಕ ಮತ್ತು ಕೆನಡಾದ 9 ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ ವೈದ್ಯರು ರೋಗಿಗಳನ್ನು ಮುಂದಿನ ಶಿಫ್ಟ್‌ಗೆ ಒಪ್ಪಿಸುವ ಕ್ರಮವನ್ನು ಬದಲಿಸಿದರು. ಐದೇ ಅಂಶ. ರೋಗಿಯ ಸ್ಥಿತಿ ಎಷ್ಟು ಗಂಭೀರ? ಇಲ್ಲಿಯವರೆಗೆ ಏನಾಗಿದೆ? ಮಾಡಬೇಕಾದ ಕೆಲಸ ಯಾವುದು? ಏನು ಹದಗೆಡಬಹುದು, ಆಗ ಏನು ಮಾಡಬೇಕು? ಕೊನೆಗೆ, ಕೇಳಿಸಿಕೊಂಡವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ವೈದ್ಯಕೀಯ ತಪ್ಪುಗಳು ಶೇ 23ರಷ್ಟು ಕಡಿಮೆಯಾದವು. ತಡೆಯಬಹುದಾಗಿದ್ದ ಹಾನಿ ಶೇ 30ರಷ್ಟು ಇಳಿಯಿತು. ರೋಗಿಗಳನ್ನು ಒಪ್ಪಿಸಲು ಹಿಡಿಯುವ ಸಮಯ ಮಾತ್ರ ಹೆಚ್ಚಾಗಲಿಲ್ಲ. ನಮಗೆ ಇದಕ್ಕೆಲ್ಲ ಟೈಮ್ ಎಲ್ಲಿದೆ ಅನ್ನುವವರಿಗೆ ಈ ಕೊನೆಯ ಅಂಶವನ್ನು ತೋರಿಸಿ.

ಇದೇ ಐದು ಅಂಶಗಳನ್ನು ನಿಮ್ಮ ಕೆಲಸಕ್ಕೆ ಹೊಂದಿಸಿಕೊಳ್ಳಿ. ಎಷ್ಟು ಅರ್ಜೆಂಟು, ಈವರೆಗಿನ ಕಥೆ, ಬಾಕಿ ಕೆಲಸ ಮತ್ತು ಅದನ್ನು ಮಾಡಬೇಕಾದವರ ಹೆಸರು, ಕೈಕೊಡಬಹುದಾದ ಜಾಗ, ತಿರುಗಿ ಹೇಳುವುದು. ಐದನೆಯದನ್ನು ಬಿಟ್ಟರೆ ಉಳಿದ ನಾಲ್ಕರ ಬೆಲೆ ಅರ್ಧವಾಗುತ್ತದೆ. 'ಅರ್ಥ ಆಯ್ತಾ?' ಎಂದು ಕೇಳಿದರೆ ಯಾರಾದರೂ 'ಇಲ್ಲ' ಅನ್ನುತ್ತಾರಾ? ಅದರ ಬದಲು 'ನಾನು ಸರಿಯಾಗಿ ಹೇಳಿದೆನಾ ನೋಡೋಣ, ನೀವೀಗ ಮೊದಲು ಯಾವ ಕೆಲಸ ಹಿಡೀತೀರಿ?' ಎಂದು ಕೇಳಿ. ಪರೀಕ್ಷೆ ನಿಮ್ಮ ಮಾತಿಗೆ, ಅವರ ಬುದ್ಧಿಗಲ್ಲ ಎಂದು ಗೊತ್ತಾದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹೆಜ್ಜೆ 5: ಟೈಪ್ ಮಾಡುವ ಮುಂಚೆ ಒಂದು ಕ್ಷಣ

ಇದು ಚಿಕ್ಕ ಹೆಜ್ಜೆ. ನಾವು ಬರೆದ ಇಮೇಲ್‌ನ ಧಾಟಿ ಓದುವವರಿಗೆ ಸರಿಯಾಗಿಯೇ ತಿಳಿಯುತ್ತದೆ ಎಂದು ನಮಗೆ ಅತಿಯಾದ ನಂಬಿಕೆ. 2005ರ ಒಂದು ಪ್ರಯೋಗದಲ್ಲಿ, ತಾವು ಬರೆದದ್ದು ವ್ಯಂಗ್ಯವೋ ಗಂಭೀರವೋ ಎಂದು ಓದುವವರು ಶೇ 78ರಷ್ಟು ಸಲ ಗುರುತಿಸುತ್ತಾರೆ ಎಂದು ಬರೆದವರು ಅಂದಾಜು ಮಾಡಿದ್ದರು. ನಿಜಕ್ಕೂ ಗುರುತಿಸಿದ್ದು ಶೇ 56ರಷ್ಟು ಸಲ. ಹಾಗಾಗಿ ಮಾಹಿತಿ ಕಳಿಸಲು ಇಮೇಲ್, ಮೆಸೇಜ್ ಬಳಸಿ. ಬೇಸರ, ಆಕ್ಷೇಪ, ಭಿನ್ನಾಭಿಪ್ರಾಯ ಇದ್ದರೆ ಎದ್ದು ಹೋಗಿ ಮಾತಾಡಿ, ದೂರ ಇದ್ದರೆ ಫೋನ್ ಮಾಡಿ. ಒಂದೇ ವಿಷಯದ ಮೇಲೆ ಮೂರನೇ ಸಲ ಉತ್ತರ ಬರೆಯುತ್ತಿದ್ದೀರಿ ಅಂದರೆ ಅದು ಮಾತಾಡಬೇಕಾದ ವಿಷಯ.

ಹೆಜ್ಜೆ 6: ತಪ್ಪು ತಿದ್ದುವಾಗ ಕಂಡದ್ದನ್ನು ಹೇಳಿ

'ನಿಮಗೆ ಜವಾಬ್ದಾರಿಯೇ ಇಲ್ಲ' ಅನ್ನುವುದು ತೀರ್ಪು. 'ಸೋಮವಾರ ಮತ್ತು ಬುಧವಾರ ವರದಿ ಹತ್ತು ಗಂಟೆಗೆ ಬರಬೇಕಿತ್ತು, ಮಧ್ಯಾಹ್ನ ಬಂತು. ಅದರಿಂದ ಬಿಲ್ಲಿಂಗ್‌ನವರು ಕಾಯುತ್ತಾ ಕೂತರು' ಅನ್ನುವುದು ಸಂಗತಿ. ತೀರ್ಪಿಗೆ ಸಿಗುವುದು ವಾದ. ಸಂಗತಿಗೆ ಸಿಗುವುದು ಕಾರಣ. ಹೇಳಿದ ಮೇಲೆ ಸುಮ್ಮನಿರಿ. ಆ ಮೌನವನ್ನು ನೀವೇ ತುಂಬಲು ಹೋಗಬೇಡಿ. 'ನನಗೆ ಡೇಟಾ ಸಿಗುವುದೇ ಹತ್ತೂವರೆಗೆ' ಎಂಬ ಉತ್ತರ ಬರಬಹುದು. ಅಲ್ಲಿಗೆ ಒಬ್ಬರ ಸೋಮಾರಿತನ ಅಂದುಕೊಂಡದ್ದು ಇಡೀ ವ್ಯವಸ್ಥೆಯ ಲೋಪ ಎಂದು ತಿಳಿಯುತ್ತದೆ. ನಾಲ್ಕು ಜನರ ಮುಂದೆ ಇದನ್ನು ಹೇಳಬೇಡಿ, ಮತ್ತು ವರ್ಷದ ಕೊನೆಯ ಮೌಲ್ಯಮಾಪನಕ್ಕೆ ಕೂಡಿಟ್ಟುಕೊಳ್ಳಬೇಡಿ. ಹೊಗಳುವಾಗಲೂ ಸಂಗತಿ ಹಿಡಿದೇ ಹೊಗಳಿ. ಬರೀ 'ಸೂಪರ್' ಅಂದರೆ ಮುಂದಿನ ಸಲ ಯಾವುದನ್ನು ಮತ್ತೆ ಮಾಡಬೇಕು ಎಂದು ಅವರಿಗೆ ಗೊತ್ತಾಗುವುದಿಲ್ಲ.

ಹೆಜ್ಜೆ 7: ಜೋರು ಮಾಡುವ 'ಸ್ಟಾರ್' ಇದ್ದರೆ

ಕೆಲಸದ ಬಗ್ಗೆ ಭಿನ್ನಾಭಿಪ್ರಾಯ ಇರಲಿ, ಅದರಿಂದ ಒಳ್ಳೆಯದೂ ಆಗುತ್ತದೆ. ಅದು ವ್ಯಕ್ತಿಯ ಮೇಲೆ ತಿರುಗಿದ ತಕ್ಷಣ ನಿಲ್ಲಿಸಿ, ಮಾತನ್ನು ವಾಪಸ್ ಕೆಲಸಕ್ಕೆ ತನ್ನಿ. ಇಷ್ಟು ಸಾಮಾನ್ಯ ಸಂಗತಿ.

ಕಷ್ಟದ ಪ್ರಶ್ನೆ ಬೇರೆ ಇದೆ. ಎಲ್ಲರಿಗಿಂತ ಹೆಚ್ಚು ಮಾರಾಟ ಮಾಡುವ, ಎಲ್ಲರಿಗಿಂತ ಚೆನ್ನಾಗಿ ಕೋಡ್ ಬರೆಯುವ ಒಬ್ಬರು ಜೊತೆಗಿರುವವರನ್ನು ಹೀಯಾಳಿಸುತ್ತಾರೆ. ಅವರಿಂದ ಬರುವ ಆದಾಯ ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ. ಅವರ ಎದುರು ಬಾಯಿಬಿಡದೆ ಉಳಿದ ಎಚ್ಚರಿಕೆಗಳು, ಬಿಟ್ಟುಹೋದ ಜನ, ಹೊಸಬರಿಗೆ ಮತ್ತೆ ಕಲಿಸುವ ಖರ್ಚು ಕಾಣುವುದಿಲ್ಲ. ಇಂಥವರ ಜೊತೆ ಮೊದಲು ಒಬ್ಬರೇ ಕೂತು ಹೆಜ್ಜೆ 6ರ ರೀತಿಯಲ್ಲಿ ಮಾತಾಡಿ. ಬದಲಾಗಲು ಸಮಯ ಕೊಡಿ, ಸಹಾಯ ಮಾಡಿ. ಆದರೂ ಬದಲಾಗದಿದ್ದರೆ ಕನಿಷ್ಠ ಇನ್ನೊಬ್ಬರ ಮೇಲೆ ಅಧಿಕಾರ ಇರುವ ಜಾಗದಿಂದ ಅವರನ್ನು ತೆಗೆಯಬೇಕು. ನೀವು ಸಹಿಸಿಕೊಂಡ ಒಂದೊಂದು ಅವಮಾನವನ್ನೂ ಇಡೀ ಟೀಮ್ ನೋಡುತ್ತಿರುತ್ತದೆ. ಹೆಜ್ಜೆ 2ರಲ್ಲಿ ಕಷ್ಟಪಟ್ಟು ಕಟ್ಟಿದ ಭರವಸೆ ಒಂದೇ ದಿನದಲ್ಲಿ ಕುಸಿಯಬಹುದು.

ಹೆಜ್ಜೆ 8: ಅಳೆದು ನೋಡಿ

'ವಾತಾವರಣ ಚೆನ್ನಾಗಿದೆ' ಅನ್ನುವುದು ಅಳತೆಯಲ್ಲ. ಹೆಜ್ಜೆ 1ರ ಎರಡು ದಿನಾಂಕಗಳ ಲೆಕ್ಕವನ್ನು ತಿಂಗಳಿಗೊಮ್ಮೆ ಮಾಡಿ. ಜೊತೆಗೆ ಎರಡು ಸಲ ಮಾಡಬೇಕಾದ ಕೆಲಸದ ಗಂಟೆಗಳು, ಗ್ರಾಹಕರ ದೂರು ಬಗೆಹರಿಯಲು ಹಿಡಿದ ದಿನಗಳು, ತಾವಾಗಿಯೇ ಕೆಲಸ ಬಿಟ್ಟವರ ಸಂಖ್ಯೆ ಇಷ್ಟನ್ನು ಬರೆದಿಡಿ. ಎರಡು ಟೀಮ್ ಇದ್ದರೆ ಒಂದರಲ್ಲಿ ಮೊದಲು ಶುರು ಮಾಡಿ, ಇನ್ನೊಂದರಲ್ಲಿ ಮೂರು ತಿಂಗಳು ಬಿಟ್ಟು ಶುರು ಮಾಡಿ. ಆಗ ಬದಲಾವಣೆ ನಿಜಕ್ಕೂ ಇದರಿಂದಲೇ ಬಂತಾ, ಸೀಸನ್ ಕಾರಣಕ್ಕಾ ಎಂದು ಒಂದು ಮಟ್ಟಿಗೆ ತಿಳಿಯುತ್ತದೆ.

ಮೊದಲ ಒಂದೆರಡು ತಿಂಗಳು ದಾಖಲಾಗುವ ತಪ್ಪುಗಳ ಸಂಖ್ಯೆ ಏರಬಹುದು. ಗಾಬರಿಯಾಗಬೇಡಿ. ತಪ್ಪು ಹೆಚ್ಚಾಗಿಲ್ಲ, ಹೇಳುವವರು ಹೆಚ್ಚಾಗಿದ್ದಾರೆ. ಇದನ್ನು ನಿಮ್ಮ ಮೇಲಿನವರಿಗೆ ಮುಂಚೆಯೇ ತಿಳಿಸಿಡಿ. ಇಲ್ಲದಿದ್ದರೆ ಆ ಅಂಕಿ ನೋಡಿ ಯಾರೋ ಇಡೀ ಪ್ರಯತ್ನವನ್ನೇ ನಿಲ್ಲಿಸಿಬಿಡುತ್ತಾರೆ. ನೋಡಬೇಕಾದ್ದು ತಪ್ಪು ಎಷ್ಟು ಬೇಗ ಹೊರಗೆ ಬಂತು, ಎಷ್ಟು ಕಡಿಮೆ ಖರ್ಚಿನಲ್ಲಿ ಸರಿಹೋಯಿತು ಎಂದು.

ಮೂರು ತಿಂಗಳಾದರೂ ಆ ಎರಡು ದಿನಾಂಕಗಳ ಅಂತರ ಕಡಿಮೆಯಾಗದಿದ್ದರೆ ಹೊಸ ತರಬೇತಿ ಹುಡುಕಬೇಡಿ. ಟೀಮ್‌ನಲ್ಲಿ ಎಲ್ಲರಿಗಿಂತ ಕಿರಿಯರಾದ ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿ: 'ಕಳೆದ ಸಲ ನೀವು ಏನಾದರೂ ಹೇಳಬೇಕು ಅಂದುಕೊಂಡು ಸುಮ್ಮನಾದದ್ದು ಯಾವಾಗ?' ಬಂದ ಉತ್ತರದಲ್ಲಿ ಹೆಸರು ನಿಮ್ಮದೇ ಇದ್ದರೂ ಬರೆದುಕೊಳ್ಳಿ. ಅವರು ಹೇಳಿದ ಒಂದು ವಿಷಯವನ್ನಾದರೂ ಆ ವಾರದಲ್ಲೇ ಸರಿಪಡಿಸಿ, ಸರಿಪಡಿಸಿದ್ದನ್ನು ಅವರಿಗೆ ಹೋಗಿ ತಿಳಿಸಿ.